ತಾಳಬೇಕೋ, ತೋರಿಸಬೇಕೋ?

ದವಾಖಾನೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರಿಗೆ ನಾಲ್ಕನೆಯ ದಿವಸವೋ ಐದನೆಯ ದಿವಸವೋ ಒಂದು ಪ್ರಶ್ನೆಯು ಹುಟ್ಟುವದುಂಟು. ಕೊಯ್ದ ಸ್ಥಳದಲ್ಲಿ ನೋವು ಇನ್ನೂ ಇದೆ. ಇಳಿಯಿತೆಂದು ಹೇಳುವ ಹಾಗಿಲ್ಲ, ಏರಿತೆಂದು ಹೇಳುವದಕ್ಕೆ ಧೈರ್ಯವೂ ಇಲ್ಲ. ಇದನ್ನು ಡಾಕ್ಟರರಿಗೆ ತಿರಿಗಿ ತೋರಿಸಬೇಕೋ, ಇಲ್ಲವೆ ಬಾಯಿ ಮುಚ್ಚಿಕೊಂಡು ತಾಳಬೇಕೋ? ಪ್ರಶ್ನೆಯು ವೈದ್ಯಶಾಸ್ತ್ರಕ್ಕೆ ಸೇರಿದ್ದೆಂದು ಮೇಲೆ ಮೇಲೆ ತೋರುವದಾದರೂ, ಮನೆಯೊಳಗೆ ಅದರ ವಿಚಾರಣೆಯು ಆ ರೀತಿಯಾಗಿ ನಡೆಯುವದಿಲ್ಲ. ಅಲ್ಲಿ ಕೇಳಬರುವ ಮಾತುಗಳೇ ಬೇರೆ. ಭತ್ತದ ಕೊಯ್ಲಿನ ಸಮಯದಲ್ಲಿ ಜತೆಗೆ ಹೋಗುವವರಾರು, ಹಣವೆಲ್ಲಿಂದ ಬರಬೇಕು, ಡಾಕ್ಟರರು ಸಿಟ್ಟಾದರೇನು ಗತಿ, ಇಷ್ಟು ಮಾತ್ರ ತಾಳಲಾರದವಳು ಎಂಥ ಹೆಣ್ಣು ಎಂಬಿವೇ ಆ ಮಾತುಗಳು. ಆದದರಿಂದ ಇದು ಧರ್ಮಾಧರ್ಮದ ಪ್ರಶ್ನೆಯೂ ಆಗಿದೆಯೆಂದು ನಾವು ಎಣಿಸುತ್ತೇವೆ; ಮತ್ತು ವೈದ್ಯರಲ್ಲದ ನಮ್ಮಂಥವರು ಇದರ ವಿಷಯದಲ್ಲಿ ನಾಲ್ಕು ಮಾತು ಬರೆಯುವದು ಅಧಿಕಪ್ರಸಂಗವಾಗಲಾರದು.

ಕೊಯ್ದರೆ ನೋಯದೆ ಇರುತ್ತದೋ ಎಂಬದು ಮೊದಲು ಕೇಳಬರುವ ಮಾತು. ಇದು ಸುಳ್ಳಲ್ಲ. ಚರ್ಮವನ್ನೂ ಮಾಂಸವನ್ನೂ ಕೊಯ್ದು ಹೊಲಿದ ಮೇಲೆ ದೇಹವು ಆ ಸ್ಥಳಕ್ಕೆ ರಕ್ತವನ್ನು ಹೆಚ್ಚಾಗಿ ಕಳುಹಿಸಿ, ಬಾವು ಬರಿಸಿ, ಗಾಯವನ್ನು ಕೂಡಿಸುವ ಕೆಲಸಕ್ಕೆ ತೊಡಗುತ್ತದೆ. ಆ ಕೆಲಸದ ಒಂದು ಭಾಗವೇ ನೋವು. ಮೊದಲಿನ ಎರಡು ಮೂರು ದಿವಸ ಅದು ಹೆಚ್ಚಾಗಿದ್ದು ಅನಂತರ ದಿನೇ ದಿನೇ ತಗ್ಗುವದು ಸಹಜ. ಅಷ್ಟೇ ಅಲ್ಲ, ಭಯ ಹುಟ್ಟಿಸುವಂಥ ನೋವು ಸಹ ಕೆಲವು ಸಾರಿ ನಿರಪಾಯಕರವಾದದ್ದಾಗಿರುತ್ತದೆ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಳಿಗೆಯನ್ನಿಳಿಸಿ ಮಾಡುವ ಶಸ್ತ್ರಚಿಕಿತ್ಸೆಯಾದ ಮರುದಿವಸ ಕೆಲವು ಹೆಂಗಸರು ಹೆಗಲು ನೋಯುತ್ತದೆಂದು ಹೇಳುತ್ತಾರೆ. ಕೊಯ್ದದ್ದು ಹೊಟ್ಟೆಯಲ್ಲಿ, ನೋಯುವದು ಹೆಗಲಲ್ಲಿ! ಮನೆಯವರು ಇದನ್ನು ಕೇಳಿ ನಗುತ್ತಾರೆ, ಇಲ್ಲವೆ ಗಾಳಿ ಸೋಕಿತೆಂದು ಹೆದರುತ್ತಾರೆ. ಸಂಗತಿಯೇನಂದರೆ, ಹೊಟ್ಟೆಯನ್ನು ಉಬ್ಬಿಸಿ ಒಳಗೆ ಕಾಣುವಂತೆ ಮಾಡುವದಕ್ಕಾಗಿ ಡಾಕ್ಟರರು ಅದರೊಳಗೆ ಇಂಗಾಲಾಮ್ಲವೆಂಬ ವಾಯುವನ್ನು ತುಂಬುತ್ತಾರೆ. ಅದರಲ್ಲಿ ಸ್ವಲ್ಪ ಉಳಿದು ಎದೆಗೂ ಹೊಟ್ಟೆಗೂ ನಡುವೆ ಇರುವ ಪೊರೆಯನ್ನು ಕೆಣಕುತ್ತದೆ. ಆ ಪೊರೆಯ ನರವೂ ಹೆಗಲಿನ ನರವೂ ಕುತ್ತಿಗೆಯ ಒಂದೇ ಸ್ಥಳದಿಂದ ಹೊರಡುವದರಿಂದ ಮಿದುಳು ಮೋಸಹೋಗಿ ನೋವು ಹೆಗಲಲ್ಲಿದೆಯೆಂದು ತಿಳಿಯುತ್ತದೆ. ಒಂದೆರಡು ದಿವಸಗಳಲ್ಲಿ ವಾಯುವು ದೇಹದಲ್ಲಿ ಹೀರಿಹೋಗಿ ನೋವು ತಾನೇ ನಿಲ್ಲುತ್ತದೆ.

ಹಾಗಾದರೆ ತಾಳುವದೇ ಸರಿಯೆಂದು ಯಾರಾದರೂ ಹೇಳಬಹುದು. ಆದರೆ ಇದಕ್ಕೆ ತೀರಾ ವಿರೋಧವಾದ ದೃಷ್ಟಾಂತವನ್ನೂ ಕೇಳಬೇಕು. ಮೋತಿಬಿಂದು ತೆಗೆಸಿಕೊಂಡ ಮುದುಕರಿಗೆ ಮೊದಲನೆಯ ದಿವಸ ಕಣ್ಣು ಸ್ವಲ್ಪ ಚುಚ್ಚುತ್ತದೆ, ನೀರಾಡುತ್ತದೆ, ಇದು ಸಾಧಾರಣವಾದದ್ದು. ಒಳ್ಳೇದಾಗಿ ಕಾಣತೊಡಗಿದ ಕಣ್ಣು ಮೂರನೆಯ ದಿವಸವೋ ಐದನೆಯ ದಿವಸವೋ ಕೆಂಪಾಗಿ, ನೋವು ಏರಿ, ನೋಟವು ಮಂಜಾದರೆ ಅದು ಕಣ್ಣಿನ ಒಳಗೆ ಸೋಂಕು ಹೊಕ್ಕಿದ್ದರ ಗುರುತಾಗಿರಬಹುದು. ಅಂಥ ಕಣ್ಣು ಉಳಿಯುವದೂ ಹೋಗುವದೂ ಗಳಿಗೆಗಳ ಮೇಲೆ ನಿಂತಿದೆ. ನಾಳೆ ಸಂತೆಯ ದಿನ ಹೇಗೂ ಹೋಗುತ್ತೇವಲ್ಲಾ ಎನ್ನುವಷ್ಟು ಸಹ ಸಮಯವಿರುವದಿಲ್ಲ. ೨೦೧೯ನೇ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಮೋತಿಬಿಂದು ತೆಗೆಸಿಕೊಂಡವರಲ್ಲಿ ಹಲವರಿಗೆ ಸೋಂಕು ತಗಲಿ ಕೆಲವರು ಆ ಕಣ್ಣಿನ ದೃಷ್ಟಿಯನ್ನು ಕಳಕೊಂಡದ್ದು ವರ್ತಮಾನಪತ್ರಗಳಲ್ಲೆಲ್ಲಾ ಬಂದಿತ್ತು. ಹೆಗಲಿನ ನೋವು ದೊಡ್ಡದು, ಅಪಾಯವಿಲ್ಲ; ಕಣ್ಣಿನ ನೋವು ಮೊದಲು ಸಣ್ಣದು, ಅಪಾಯವೋ ಬಹಳ. ಹೀಗಿರಲಾಗಿ ನೋವು ಎಷ್ಟೆಂಬದನ್ನು ನೋಡಿ ಏನೂ ತಿಳಿಯಲಾಗದು. ಅದು ಯಾವ ಕಡೆಗೆ ಹೋಗುತ್ತಿದೆ, ಇಳಿಯುತ್ತಿದೆಯೋ ಏರುತ್ತಿದೆಯೋ, ಅದರ ಸಂಗಡ ಇನ್ನೇನು ಬಂದಿದೆ ಎಂಬದೇ ನೋಡತಕ್ಕದ್ದು.

ಹಲ್ಲು ಕೀಳಿಸಿಕೊಂಡವರಿಗೂ ಹೀಗಾಗುವದುಂಟು. ಎರಡು ದಿವಸ ಸುಮಾರಾಗಿ ಕಡಿಮೆಯಾಗಿದ್ದ ನೋವು ಮೂರನೆಯ ದಿವಸ ಕಿವಿಯ ತನಕ ಹಬ್ಬಿ ರಾತ್ರಿ ನಿದ್ರೆ ಕೆಡಿಸುತ್ತದೆ. ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತವು ಕಳಚಿಹೋಗಿ ಎಲುಬು ಬರಿದಾದದ್ದೇ ಇದಕ್ಕೆ ಕಾರಣ. ಪ್ರಾಣಕ್ಕೆ ಅಪಾಯವಿಲ್ಲವಾದರೂ ಡಾಕ್ಟರರು ಗುಳಿಯನ್ನು ತೊಳೆದು ಔಷಧ ತುಂಬಿದ ಸ್ವಲ್ಪ ಹೊತ್ತಿನಲ್ಲಿಯೇ ಬಹಳ ಮಟ್ಟಿಗೆ ಇಳಿಯುವ ನೋವನ್ನು ಲವಂಗವಿಟ್ಟುಕೊಂಡು ವಾರವೆಲ್ಲಾ ಅನುಭವಿಸುವದು ಯಾವ ಪುಣ್ಯಕ್ಕೋ ನಮಗೆ ತಿಳಿಯದು.

ಇನ್ನು ತಾಳ್ಮೆಯ ಮಾತು. ನಮ್ಮ ಗ್ರಾಮಗಳಲ್ಲಿ ನೋವನ್ನು ಬಾಯಿಬಿಟ್ಟು ಹೇಳದವರಿಗೆ ಒಳ್ಳೇ ಹೆಸರುಂಟು. ಇದು ಸಭೆಯೊಳಗಿನವರಲ್ಲಿ ಮಾತ್ರವಲ್ಲ, ಎಲ್ಲಾ ಜನರಲ್ಲಿಯೂ ಉಂಟು. ಮುಂಡಗೋಡ ಹಳಿಯಾಳಗಳ ಗೌಳಿಗಳಲ್ಲಿಯೂ ಸಿದ್ದಿಯರಲ್ಲಿಯೂ ಜೋಯಿಡಾದ ಕುಣಬಿಗಳಲ್ಲಿಯೂ ಗದ್ದೆಯ ಒಕ್ಕಲಿಗರಲ್ಲಿಯೂ ಹೆತ್ತ ಮೂರನೆಯ ದಿವಸ ಕೆಲಸಕ್ಕೆ ನಿಂತ ಅಜ್ಜಿಯ ಕಥೆಯನ್ನು ಅಭಿಮಾನದಿಂದ ಹೇಳುವವರಿದ್ದಾರೆ. ಆ ಅಜ್ಜಿಯ ಗಟ್ಟಿತನಕ್ಕೆ ನಾವು ಮರ್ಯಾದೆ ಕೊಡುತ್ತೇವೆ. ಆದರೆ ಆಕೆಯ ಕಾಲದಲ್ಲಿ ತಾಳುವದಲ್ಲದೆ ಬೇರೆ ದಾರಿಯೇ ಇರಲಿಲ್ಲವೆಂಬದನ್ನು ಮರೆಯಕೂಡದು. ಬಾಸೆಲ್ ಮಿಶನಿನವರು ೧೮೩೭ರಲ್ಲಿ ಧಾರವಾಡಕ್ಕೆ ಬಂದು ನೆಲೆಗೊಂಡಾಗ, ಯುರೋಪಿನಲ್ಲಾಗಲಿ ನಮ್ಮ ಸೀಮೆಯಲ್ಲಾಗಲಿ ರೋಗಿಗೆ ಎಚ್ಚರ ತಪ್ಪಿಸಿ ಕೊಯ್ಯುವ ಪದ್ಧತಿಯು ಬಳಕೆಯಲ್ಲಿರಲಿಲ್ಲ. ಕಾಲು ಕತ್ತರಿಸಬೇಕಾದರೆ ನಾಲ್ವರು ಹಿಡಿದುಕೊಳ್ಳಬೇಕಾಗಿತ್ತು. ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ೧೮೪೬ನೇ ಇಸವಿಯ ಅಕ್ಟೋಬರ್ ೧೬ರಂದು ಈಥರ್ ಎಂಬ ಔಷಧದ ಆವಿಯನ್ನು ಮೂಸಿಸಿ ಎಲ್ಲರ ಮುಂದೆ ಶಸ್ತ್ರಕ್ರಿಯೆ ಮಾಡಿ ತೋರಿಸಿದ ಮೇಲೆ ಲೋಕದ ರೀತಿಯು ಬದಲಾಯಿತು. ಮರುವರ್ಷ ಎಡಿನ್‌ಬರೋದ ಡಾಕ್ಟರ್ ಸಿಂಪ್ಸನ್ನನು ಹೆರಿಗೆಯ ಬೇನೆಗೆ ಕ್ಲೋರೋಫಾರ್ಮ್ ಕೊಟ್ಟನು. ಹವ್ವಳಿಗೆ ಬಂದ ದಂಡನೆಯನ್ನು ಔಷಧದಿಂದ ತಪ್ಪಿಸುವದು ನ್ಯಾಯವೋ ಎಂಬ ಆಕ್ಷೇಪಣೆಗೆ ಉತ್ತರವಾಗಿ ಆತನು ಒಂದು ಪುಸ್ತಿಕೆಯನ್ನು ಬರೆದು, ಆದಾಮನ ಪಕ್ಕೆಲುಬನ್ನು ತೆಗೆಯುವದಕ್ಕೆ ಮುಂಚೆ ಸೃಷ್ಟಿಕರ್ತನು ಅವನಿಗೆ ಗಾಢನಿದ್ರೆಯನ್ನು ಬರಮಾಡಿದ್ದನ್ನು ನೆನಪಿಗೆ ತಂದನು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಯಲ್ಲಿ ಆ ಔಷಧವನ್ನು ತಕ್ಕೊಂಡಳು. ಔಷಧವಿಲ್ಲದ ಕಾಲದಲ್ಲಿ ಸದ್ಗುಣವಾಗಿದ್ದದ್ದು ಔಷಧವಿರುವ ಕಾಲದಲ್ಲಿ ಅದೇ ಸದ್ಗುಣವಾಗಿ ಉಳಿಯುವದೆಂದು ಹೇಳಲಾರೆವು.

ಕೀವಿನ ವಿಷಯದಲ್ಲಿಯೂ ಹೀಗೆಯೇ. ಕೀವು ಬಂದರೆ ಕೆಟ್ಟ ರಕ್ತ ಹೊರಟುಹೋಗುತ್ತದೆ, ಒಳ್ಳೇದೇ ಎಂದು ಹಿರಿಯರು ಇಂದಿಗೂ ಹೇಳುವದನ್ನು ಕೇಳುತ್ತೇವೆ. ಅವರನ್ನು ಹಾಸ್ಯಮಾಡುವ ಅಗತ್ಯವಿಲ್ಲ. ಯುರೋಪಿನ ದೊಡ್ಡ ದೊಡ್ಡ ಶಸ್ತ್ರವೈದ್ಯರು ಕೂಡ ಶತಮಾನಗಳ ತನಕ ಹಾಗೆಯೇ ನಂಬಿ ಒಳ್ಳೇ ಕೀವು, ಕೆಟ್ಟ ಕೀವು ಎಂದು ವಿಂಗಡಿಸುತ್ತಿದ್ದರು. ೧೮೬೭ರಲ್ಲಿ ಲಿಸ್ಟರನು ಕಾರ್ಬಾಲಿಕ್ ದ್ರಾವಣದಿಂದ ಗಾಯವನ್ನು ಶುದ್ಧವಾಗಿಟ್ಟರೆ ಕೀವು ಬರದೆಯೇ ಮಾಯುತ್ತದೆಂದು ಪ್ರಕಟಿಸಿದ ಮೇಲೆ ಮೆಲ್ಲಮೆಲ್ಲನೆ ಆ ನಂಬಿಕೆ ಹೋಯಿತು. ಹೊಲಿಗೆಯ ಸ್ಥಳದಲ್ಲಿ ಕೀವು ಕಂಡರೆ ಅದು ಸೋಂಕಿನ ಗುರುತು, ಶುದ್ಧಿಯ ಗುರುತಲ್ಲ.

ಸತ್ಯವೇದದಲ್ಲಿ ತಾಳ್ಮೆಗೆ ಮಾದರಿಯಾಗಿ ಯೋಬನನ್ನು ಹೇಳುವದು ವಾಡಿಕೆ. ಆದರೆ ಆ ಪುಸ್ತಕವನ್ನು ಓದಿದವರು ಬಲ್ಲರು, ಏಳು ದಿವಸ ಸುಮ್ಮನೆ ಕೂತ ಮೇಲೆ ಯೋಬನು ಬಾಯಿ ತೆರೆದು ತನ್ನ ನೋವನ್ನು ಅಧ್ಯಾಯದ ಮೇಲೆ ಅಧ್ಯಾಯ ಹೇಳಿಕೊಂಡನು. ಅವನನ್ನು ಸುಮ್ಮನಿರಿಸಲಿಕ್ಕೆ ನೋಡಿದ ಸ್ನೇಹಿತರೇ ಕಡೆಗೆ ಗದರಿಕೆಗೆ ಒಳಗಾದರು. ಅರಸನಾದ ಹಿಜ್ಕೀಯನ ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿರಿ ಎಂದವನು ಪ್ರವಾದಿಯಾದ ಯೆಶಾಯನೇ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವು ತೊಲಗಬೇಕೆಂದು ಮೂರಾವರ್ತಿ ಬೇಡಿಕೊಂಡನು. ಉತ್ತರ ದೊರೆತ ಮೇಲೆಯೇ ಅದನ್ನು ಸಹಿಸುವವನಾದನು. ಕೇಳುವದು ಮೊದಲು, ಸಹಿಸುವದು ಆಮೇಲೆ ಎಂಬ ಈ ಕ್ರಮವನ್ನು ವಾಚಕರು ಗಮನಿಸಬೇಕು. ಯಾಕಂದರೆ ನಮ್ಮ ಅಭಿಪ್ರಾಯವೆಲ್ಲಾ ಇದರಲ್ಲಿ ಅಡಗಿದೆ. ಇಂಥ ಕಾರಣದಿಂದ ಈ ನೋವು ಬಂದಿದೆ, ಇಷ್ಟು ದಿವಸ ಇರುತ್ತದೆ ಎಂದು ತಿಳಿದು ಅದನ್ನು ಹೊರುವವನು ತಾಳ್ಮೆಯುಳ್ಳವನು. ಏನೆಂದು ತಿಳಿಯದೆ, ಕೇಳದೆ, ತಾನಾಗಿ ಹೋದೀತೆಂದು ಹೊರುವವನು ಊಹೆಯನ್ನು ಮಾಡುತ್ತಾನೆ. ಊಹೆಯು ಕೆಲವು ಸಾರಿ ಸರಿಯಾದೀತು. ಸರಿಯಾದರೂ ಅದಕ್ಕೆ ತಾಳ್ಮೆಯೆಂಬ ಹೆಸರು ಸಲ್ಲದು.

ಆದರೆ ತೋರಿಸಿರಿ ಎಂದು ಪತ್ರಿಕೆಯಲ್ಲಿ ಬರೆಯುವದು ಸುಲಭ. ಜೋಯಿಡಾದ ಡಿಗ್ಗಿಯಂಥ ಊರಿನಲ್ಲಿ ಕೂತು ಅದನ್ನು ಓದುವವನಿಗೆ ನಗು ಬಂದರೂ ಬಂದೀತು. ಆ ತಾಲೂಕು ವಿಸ್ತಾರದಲ್ಲಿ ಜಿಲ್ಲೆಯಲ್ಲೇ ದೊಡ್ಡದು. ೨೦೧೧ರ ಖಾನೇಸುಮಾರಿಯಲ್ಲಿ ಜನರು ಸುಮಾರು ಐವತ್ತೆರಡು ಸಾವಿರ ಮಾತ್ರ. ಬಹುಭಾಗವು ಕಾಳೀ ಹುಲಿ ಸಂರಕ್ಷಣಾರಣ್ಯ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೆಲವು ಕೇರಿಗಳಿಂದ ರೋಗಿಯನ್ನು ಹೊತ್ತೇ ರಸ್ತೆಗೆ ತರಬೇಕು. ಫೋನು ಹಿಡಿದುಕೊಂಡು ಗುಡ್ಡ ಹತ್ತಿದರಲ್ಲದೆ ಮಾತು ಕೇಳಿಸದ ಊರುಗಳುಂಟು. ಹಳಿಯಾಳ ದಾಂಡೇಲಿಯವರು ಕಠಿಣವಾದ ರೋಗಕ್ಕೆ ಧಾರವಾಡ ಹುಬ್ಬಳ್ಳಿಗೂ, ಮುಂಡಗೋಡದವರು ಹುಬ್ಬಳ್ಳಿಗೂ, ಜೋಯಿಡಾದ ಪಶ್ಚಿಮದವರು ಬೆಳಗಾವಿಗೋ ಗೋವೆಗೋ ಹೋಗುತ್ತಾರೆ. ೨೦೨೨ರ ಜುಲೈಯಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ, ಉತ್ತರ ಕನ್ನಡ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯೆಲ್ಲಾ ಎದ್ದದ್ದು ವಾಚಕರಿಗೆ ನೆನಪಿರಬಹುದು. ೨೦೨೩ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೀಟಿಗೆ ಹಣವಿಲ್ಲವೆಂಬದು ನಿಜ. ಆದರೆ ಜತೆಗೆ ಬರುವ ಗಂಡಸಿನ ಟಿಕೀಟು, ಇಬ್ಬರ ಕೂಲಿ, ಮನೆಯಲ್ಲಿ ಹಾಲು ಹಿಂಡದೆ ಉಳಿದ ಎಮ್ಮೆ, ಇವುಗಳ ಲೆಕ್ಕವನ್ನು ಯಾವ ಸರಕಾರವೂ ಕೊಡುವದಿಲ್ಲ. ಆದದರಿಂದ ತೋರಿಸದೆ ಉಳಿದ ಬಡವನನ್ನು ಅಲಕ್ಷ್ಯಗಾರನೆಂದು ಗದರಿಸುವ ಹಕ್ಕು, ಪೇಟೆಯಲ್ಲಿ ದವಾಖಾನೆಯ ಎದುರಿನಲ್ಲೇ ಮನೆಯುಳ್ಳವರಿಗಿಲ್ಲ.

ಖರ್ಚಿನ ಭಾರವು ನಿಜವಾದದ್ದೆಂದು ಒಪ್ಪಿದ ಮೇಲೆ ಇನ್ನೊಂದನ್ನು ಕೇಳಬೇಕು: ಆ ಭಾರವನ್ನು ತೂಗುವವರು ಯಾರು? ನೋವು ಒಬ್ಬರ ದೇಹದಲ್ಲಿರುತ್ತದೆ, ಹಣದ ಚೀಲ ಇನ್ನೊಬ್ಬರ ಕೈಯಲ್ಲಿರುತ್ತದೆ. ನೋವಿಗೆ ಲೋಕದಲ್ಲಿ ಒಂದೇ ಸಾಕ್ಷಿ. ಜ್ವರವನ್ನು ಕೈಯಿಟ್ಟು ನೋಡಬಹುದು, ಬಾವನ್ನು ಕಣ್ಣಿಂದ ನೋಡಬಹುದು. ನೋವನ್ನಾದರೋ ಅನುಭವಿಸುವವರ ಬಾಯಿಂದ ಕೇಳಿದ ಹೊರತು ಇನ್ನಾವ ರೀತಿಯಿಂದಲೂ ತಿಳಿಯಲಾರೆವು. ದೊಡ್ಡ ಆಸ್ಪತ್ರೆಗಳಲ್ಲಿ ಸಹ, ಸೊನ್ನೆಯಿಂದ ಹತ್ತರ ತನಕ ಎಷ್ಟು ಎಂದು ರೋಗಿಯನ್ನೇ ಕೇಳಿ ಬರಕೊಳ್ಳುತ್ತಾರೆ. ಅದನ್ನು ಅಳೆಯುವ ಯಂತ್ರವಿಲ್ಲ. ನ್ಯಾಯಸ್ಥಾನದಲ್ಲಿ ಒಬ್ಬನೇ ಸಾಕ್ಷಿಯಿದ್ದರೆ ನ್ಯಾಯಾಧಿಪತಿಯು ಅವನ ಮಾತನ್ನು ಎಷ್ಟು ಜಾಗ್ರತೆಯಾಗಿ ಕೇಳುತ್ತಾನೆ! ಮನೆಯಲ್ಲಿಯೋ ಆ ಒಬ್ಬಳೇ ಸಾಕ್ಷಿಯನ್ನು, ನೀನು ಮೊದಲಿನಿಂದಲೂ ಅಳುಬುರುಕಿ ಎಂದು ಬಾಯಿ ಮುಚ್ಚಿಸುತ್ತಾರೆ.

ನಾವು ಹೆಂಗಸರ ವಿಷಯವಾಗಿ ಮಾತಾಡುವದಕ್ಕೆ ಕಾರಣವುಂಟು. ನಮ್ಮ ಹಳ್ಳಿಗಳಲ್ಲಿ ಆಪರೇಶನ್ ಆಗಿದೆ ಎಂದರೆ ಯಾವ ಆಪರೇಶನ್ ಎಂದು ಯಾರೂ ಕೇಳುವದಿಲ್ಲ. ಮಕ್ಕಳಾಗದ ಹಾಗೆ ಮಾಡಿಸಿಕೊಂಡದ್ದೇ ಎಂದು ತಿಳಿಯುತ್ತಾರೆ. ೨೦೧೯ರಿಂದ ೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರುಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರಲ್ಲಿ ಮಾಡಿಸಿಕೊಂಡವರು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಗಂಡಸಿನ ಚಿಕಿತ್ಸೆಯು ಹೆಚ್ಚು ಸುಲಭ, ಹೊಟ್ಟೆ ಕೊಯ್ಯುವ ಕೆಲಸವೂ ಇಲ್ಲ; ಆದರೂ ಹೀಗೆ. ಇದರ ವಿಚಾರವನ್ನು ಮತ್ತೊಂದು ಸಾರಿ ಮಾಡಬೇಕಾದೀತು. ಸಂಸಾರಕ್ಕಾಗಿ ತನ್ನ ದೇಹವನ್ನು ಕೊಯ್ಯಿಸಿಕೊಂಡವಳಿಗೆ ಆ ದೇಹದಲ್ಲಿ ಬಂದ ನೋವನ್ನು ಹೇಳುವದಕ್ಕೆ ಅತ್ತೆಯ ಅಪ್ಪಣೆ ಬೇಕಾಗುವದು ನ್ಯಾಯವಲ್ಲವೆಂದು ಈಗ ಹೇಳಿದರೆ ಸಾಕು.

ಛತ್ತೀಸಗಡದ ಬಿಲಾಸಪುರ ಜಿಲ್ಲೆಯಲ್ಲಿ ೨೦೧೪ರ ನವೆಂಬರ್ ೮ರಂದು ಒಂದು ಶಿಬಿರದಲ್ಲಿ ಒಬ್ಬನೇ ಶಸ್ತ್ರವೈದ್ಯನು ಕೆಲವೇ ಗಂಟೆಗಳಲ್ಲಿ ೮೩ ಮಂದಿ ಹೆಂಗಸರಿಗೆ ಈ ಚಿಕಿತ್ಸೆ ಮಾಡಿದನು. ದಿನಕ್ಕೆ ೩೦ನ್ನು ಮೀರಕೂಡದೆಂಬದು ಆಗಿನ ಸರಕಾರಿ ನಿಯಮ. ಹೆಂಗಸರನ್ನು ಮನೆಗಳಿಗೆ ಕಳುಹಿಸಿಬಿಟ್ಟರು. ಅನಂತರ ಅವರಿಗೆ ಹೊಟ್ಟೆನೋವೂ ವಾಂತಿಯೂ ಶುರುವಾಯಿತು. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಕಾರಣವು ಶಸ್ತ್ರಗಳ ಅಶುದ್ಧತೆಯೋ, ಕೊಟ್ಟ ಗುಳಿಗೆಗಳ ದೋಷವೋ ಎಂದು ಬಹಳ ಚರ್ಚೆ ನಡೆಯಿತು. ೨೦೧೬ರ ಸೆಪ್ಟೆಂಬರದಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರುಷದೊಳಗೆ ನಿಲ್ಲಿಸಬೇಕೆಂದು ಅಪ್ಪಣೆಮಾಡಿತು. ನಾವು ಇದನ್ನು ಬರೆಯುವದು ಚಿಕಿತ್ಸೆಯ ಮೇಲೆ ಹೆದರಿಕೆ ಹುಟ್ಟಿಸುವದಕ್ಕಲ್ಲ. ಕೋಟ್ಯಂತರ ಹೆಂಗಸರು ಇದನ್ನು ಮಾಡಿಸಿಕೊಂಡು ಕ್ಷೇಮವಾಗಿದ್ದಾರೆ. ಮನೆಗೆ ಕಳುಹಿಸಿದರೆಂದ ಮಾತ್ರಕ್ಕೆ ಗುಣವಾಯಿತೆಂದು ಅರ್ಥವಲ್ಲ ಎಂಬದಷ್ಟೇ ಅಭಿಪ್ರಾಯ. ಸರಕಾರದ ನಿಯಮದಲ್ಲಿಯೇ, ಚಿಕಿತ್ಸೆಯಾದ ೪೮ ತಾಸುಗಳೊಳಗೆ ಒಂದು ಸಾರಿ, ಏಳನೆಯ ದಿವಸ ಒಂದು ಸಾರಿ, ತಿಂಗಳಾದ ಮೇಲೆ ಇಲ್ಲವೆ ಮುಂದಿನ ಮುಟ್ಟಿನ ನಂತರ ಒಂದು ಸಾರಿ ಆಕೆಯನ್ನು ವಿಚಾರಿಸಬೇಕೆಂದಿದೆ. ಮನೆಗೆ ಕಳುಹಿಸಿದ ಮೇಲೆ ೬೦ ದಿವಸಗಳೊಳಗೆ ತೊಡಕಾದರೆ ಚಿಕಿತ್ಸೆಯ ಖರ್ಚಿಗೆ ಪರಿಹಾರ ಕೊಡುವ ಕೇಂದ್ರ ಸರಕಾರದ ಯೋಜನೆಯೂ ಉಂಟು; ಆದದರಿಂದ ಆಗ ಕೊಟ್ಟ ಕಾಗದಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಪೆಟ್ಟಿಗೆಯಲ್ಲಿಡುವದು ಒಳ್ಳೇದು. ಏಳನೆಯ ದಿವಸ ಹೋಗಿ ನೋಯುತ್ತದೆಂದು ಹೇಳುವವಳು ಯಾರ ದಯೆಯನ್ನೂ ಬೇಡುವದಿಲ್ಲ, ತನಗೆ ಸಲ್ಲತಕ್ಕದ್ದನ್ನು ಕೇಳುತ್ತಾಳೆ.

ಡಾಕ್ಟರರು ಸಿಟ್ಟಾಗುತ್ತಾರೆಂಬ ಅಂಜಿಕೆಯು ಓದುಬರಹ ಬಲ್ಲವರಲ್ಲಿಯೂ ಉಂಟು. ತಿರಿಗಿ ಹೋದರೆ ಅವರ ಕೈಗುಣಕ್ಕೆ ದೂರು ಹೊತ್ತುಕೊಂಡು ಹೋದ ಹಾಗಾದೀತೆಂದು ಸಂಕೋಚಪಡುತ್ತಾರೆ. ಬಡಗಿಯು ಮಾಡಿಕೊಟ್ಟ ಬಾಗಿಲು ಮಳೆಗೆ ಉಬ್ಬಿ ಕೂತರೆ ಅವನನ್ನೇ ಕರೆದು ತೋರಿಸುತ್ತೇವಲ್ಲವೋ? ಅದರಿಂದ ಅವನ ಮರ್ಯಾದೆಗೆ ಕುಂದೇನು? ಹೊಲಿದವರಿಗೇ ಹೊಲಿಗೆಯ ಒಳಗಿನ ಸಂಗತಿ ತಿಳಿದಿರುವದರಿಂದ ಬೇರೆ ಕಡೆಗೆ ಹೋಗುವದಕ್ಕಿಂತ ಅವರ ಬಳಿಗೆ ಹೋಗುವದೇ ಲೇಸು. ಸಿಡುಕುವ ಡಾಕ್ಟರರೂ ಇದ್ದಾರೆ, ಇಲ್ಲವೆನ್ನುವದಿಲ್ಲ. ಒಂದೇ ದಿವಸದಲ್ಲಿ ಇನ್ನೂರು ಮಂದಿಯನ್ನು ನೋಡಬೇಕಾದವರು ಸಿಡುಕುವದು ಆಶ್ಚರ್ಯವಲ್ಲ. ಅವರ ಸಿಡುಕು ಐದು ನಿಮಿಷದ್ದು. ಇದಲ್ಲದೆ ದವಾಖಾನೆಯ ಮೇಲೆಯೇ ಹೆದರಿಕೆಯುಳ್ಳವರಿದ್ದಾರೆ. ಬಳ್ಳಾರಿಯಲ್ಲಿ ೨೦೨೪ರ ನವೆಂಬರಿನಲ್ಲಿ ಸಿಜೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಹೋದದ್ದೂ, ನರದೊಳಗೆ ಹಾಕಿದ ದ್ರಾವಣದ ಮೇಲೆ ಸಂಶಯ ಬಂದದ್ದೂ ಎಲ್ಲರ ಕಿವಿಗೂ ಬಿದ್ದಿದೆ. ಆ ಹೆದರಿಕೆಗೆ ಆಧಾರವಿಲ್ಲವೆಂದು ನಾವು ಹೇಳಲಾರೆವು. ಆದರೆ ದವಾಖಾನೆಯಲ್ಲಿ ಹುಟ್ಟಿದ ಕೇಡು ಮನೆಯಲ್ಲಿ ಅಡಗಿ ಕೂತರೆ ಗುಣವಾಗುವದೋ? ಅಲ್ಲಿ ಕೆಟ್ಟದ್ದಾಗಿದ್ದರೆ ಅದನ್ನು ಬೆಳಕಿಗೆ ತರುವ ದಾರಿಯೂ ತಿರಿಗಿ ಹೋಗುವದೇ.

ಇನ್ನು ಎದುರಿನ ತಪ್ಪನ್ನೂ ಹೇಳಬೇಕು. ನೋವೆಂದರೆ ತೋರಿಸಲೇಬೇಕೆಂದು ಕೆಲವರು ಒಂದೇ ವಾರದಲ್ಲಿ ಮೂವರು ಡಾಕ್ಟರರನ್ನು ಸುತ್ತಿ, ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸದೆ ಮೂರು ತರದ ಗುಳಿಗೆಗಳನ್ನು ನುಂಗುತ್ತಾರೆ. ಇನ್ನು ಕೆಲವರು ಹಳ್ಳಿಯಲ್ಲಿ ಸೂಜಿ ಚುಚ್ಚುವವನೊಬ್ಬನಿದ್ದರೆ ಸಾಕು, ಅವನ ಬಳಿಗೆ ಓಡುತ್ತಾರೆ. ಇದು ತೋರಿಸುವದೂ ಅಲ್ಲ, ತಾಳುವದೂ ಅಲ್ಲ. ನೋವಿನ ಗುಳಿಗೆಯು ಜ್ವರವನ್ನೂ ಇಳಿಸುವದರಿಂದ, ಒಳಗೆ ಸೋಂಕು ಬೆಳೆಯುತ್ತಿದ್ದರೂ ಮೇಲೆ ಕಾಣದಂತೆ ಮುಚ್ಚಿಡಬಲ್ಲದು. ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿ ವ್ಯಾಜ್ಯ ತೀರಿತೆಂದ ಹಾಗಾಗುತ್ತದೆ.

ಹಾಗಾದರೆ ಹಳ್ಳಿಯವರು ಯಾವದಕ್ಕೆ ಕಾಯಬಹುದು, ಯಾವದಕ್ಕೆ ಕಾಯಕೂಡದು? ದಿನೇ ದಿನೇ ಇಳಿಯುತ್ತಿರುವ ನೋವಿಗೆ, ಊಟ ನಿದ್ರೆ ಸರಿಯಾಗಿದ್ದರೆ, ಗೊತ್ತಾದ ದಿವಸದ ವರೆಗೆ ಕಾಯಬಹುದು. ಕಡಿಮೆಯಾಗಿ ತಿರಿಗಿ ಏರಿದ ನೋವು, ನೋವಿನ ಸಂಗಡ ಜ್ವರ ಇಲ್ಲವೆ ನಡುಕ, ಗಾಯದ ಸುತ್ತಲೂ ಹಬ್ಬುವ ಕೆಂಪು, ಕೀವು, ದುರ್ವಾಸನೆ, ಹೊಟ್ಟೆ ಉಬ್ಬಿ ಕಲ್ಲಿನಂತಾಗಿ ವಾಂತಿಯಾಗುವದು, ಮೂತ್ರ ಕಟ್ಟುವದು, ಒಂದೇ ಮೀನಖಂಡ ಬಾತು ನೋಯುವದು, ಉಸಿರು ಸಿಕ್ಕುವದು, ಇಂಥವುಗಳಿಗೆ ಒಂದು ರಾತ್ರಿಯೂ ಕಾಯಕೂಡದು. ೧೦೮ಕ್ಕೆ ಕರೆ ಮಾಡಬೇಕು. ಮೀನಖಂಡದ ವಿಷಯವನ್ನು ನಾವು ಬೇಕೆಂದೇ ಸೇರಿಸಿದ್ದೇವೆ, ಯಾಕಂದರೆ ಬಹುದಿನ ಮಲಗಿದವರ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಏರಬಹುದೆಂಬದನ್ನು ತಿಳಿಯದೆ ಜನರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಹಾಗೆ ತಿಕ್ಕುವದು ಅಪಾಯಕರ. ಸಂಶಯವಿದ್ದಲ್ಲಿ ಊರಿನ ಆಶಾ ಕಾರ್ಯಕರ್ತೆಗೆ ಹೇಳುವದಕ್ಕೆ ಬಸ್ಸಿನ ಖರ್ಚೂ ಇಲ್ಲ.

ಇಷ್ಟು ಮಾಡಿದ ಮೇಲೆಯೂ ಒಂದು ವಿಧವಾದ ನೋವು ಉಳಿಯುತ್ತದೆ. ಗಾಯ ಮಾಯಿತು, ಡಾಕ್ಟರರು ಒತ್ತಿ ನೋಡಿದರು, ಚಿತ್ರ ತೆಗೆಸಿದರು, ಏನೂ ಇಲ್ಲವೆಂದರು. ನೋವು ಮಾತ್ರ ಹೋಗಲಿಲ್ಲ. ಹರ್ನಿಯಾ ಕೊಯ್ಯಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ತೊಡೆಯ ಸಂದಿನಲ್ಲಿ ತಿಂಗಳುಗಟ್ಟಲೆ ನೋವು ಉಳಿಯುವದುಂಟೆಂದು ವೈದ್ಯರೇ ಬರೆದಿದ್ದಾರೆ. ಮೂರು ತಿಂಗಳು ಮೀರಿ ಉಳಿಯುವಂಥದ್ದಕ್ಕೆ ಅವರ ಶಾಸ್ತ್ರದಲ್ಲಿ ಪ್ರತ್ಯೇಕವಾದ ಹೆಸರೇ ಉಂಟು. ಕೆಲವು ಸಾರಿ ಕೊಯ್ಯುವಾಗ ಪೆಟ್ಟಾದ ನರವೇ ಅದಕ್ಕೆ ಕಾರಣ. ಏನೂ ಇಲ್ಲವೆಂದು ಡಾಕ್ಟರರು ಹೇಳಿದಾಗ ಕೊಯ್ಯತಕ್ಕದ್ದೇನೂ ಇಲ್ಲ, ಪ್ರಾಣಕ್ಕೆ ಭಯವಿಲ್ಲ ಎಂದು ಅದರ ಅರ್ಥ. ನಿನಗೆ ನೋವಿಲ್ಲ ಎಂದಲ್ಲ. ಮನೆಯವರು ಈ ಎರಡನ್ನೂ ಒಂದೇ ಎಂದು ತಿಳಿದು, ಡಾಕ್ಟರರೇ ಹೇಳಿದ್ದಾರೆ, ನಿನ್ನದೆಲ್ಲಾ ಸೋಗು ಎಂದು ಹೀಯಾಳಿಸುವದನ್ನು ಕೇಳಿ ನಮಗೆ ಬಹಳ ವ್ಯಸನವಾಗಿದೆ. ಪೌಲನ ಶೂಲದ ಮಾತು ಹೊಂದುವದು ಇಂಥ ಕಡೆಯಲ್ಲಿ. ಕೇಳಿಯಾಯಿತು, ಉತ್ತರವೂ ಬಂತು, ಇನ್ನು ಹೊರುವದು. ಹಾಗೆ ಹೊರುವವನ ಗದ್ದೆಯ ಕೆಲಸದಲ್ಲಿ ಅರ್ಧವನ್ನು ನೆರೆಯವರು ಹೊತ್ತರೆ ಅವನ ತಾಳ್ಮೆಗೆ ಸ್ವಲ್ಪ ಆಸರೆಯಾದೀತು. ಇಂಥ ನರದ ನೋವಿಗೂ ಬೇರೆ ತರದ ಔಷಧಗಳಿರುವದರಿಂದ ವರುಷಕ್ಕೊಮ್ಮೆಯಾದರೂ ತಿರಿಗಿ ಕೇಳುವದರಲ್ಲಿ ತಪ್ಪಿಲ್ಲ.

ಎಲ್ಲವನ್ನೂ ತಿಳಿದ ಮೇಲೆಯೂ, ಎಂಬತ್ತು ವರುಷದ ಮುದುಕನೊಬ್ಬನು ನನಗೆ ದವಾಖಾನೆ ಬೇಡ, ನೋವಿದ್ದರೆ ಇರಲಿ ಎಂದರೆ ಮನೆಯವರು ಏನು ಮಾಡಬೇಕು? ಬಲಾತ್ಕಾರದಿಂದ ಜೀಪಿಗೆ ಹತ್ತಿಸುವದು ಸರಿಯೆಂದು ನಮಗೆ ತೋರುವದಿಲ್ಲ; ದೇಹವು ಅವನದು, ಸಾಕ್ಷಿಯೂ ಅವನೇ. ಆದರೆ ಅವನು ಬೇಡವೆನ್ನುವದು ದವಾಖಾನೆಯನ್ನೋ, ಮಗನ ಮೇಲೆ ಬೀಳುವ ಸಾಲವನ್ನೋ ಎಂಬದನ್ನು ಮೊದಲು ತಿಳುಕೊಳ್ಳಬೇಕು. ಇದನ್ನು ಸಾಯಂಕಾಲ ಎಲ್ಲರೂ ಕೂಡಿರುವಾಗ ಕೇಳಿದರೆ ಒಂದು ಉತ್ತರ ಬರುತ್ತದೆ. ಮಗನು ಗದ್ದೆಗೆ ಹೋದ ಹೊತ್ತಿನಲ್ಲಿ ಮಗಳು ಹತ್ತಿರ ಕೂತು ಮೆಲ್ಲಗೆ ಕೇಳಿದರೆ ಬೇರೆ ಉತ್ತರ ಬರುವದುಂಟು.